ಇನ್ನೊಂದು ನಾಯಿ ಎದುರಾದಾಗ

2007ರ ಏಪ್ರಿಲ್ 25ರಂದು ಅಮೆರಿಕದ ವರ್ಜೀನಿಯಾ ರಾಜ್ಯದ ಸರ್ರಿ ಕೌಂಟಿಯಲ್ಲಿ ಪೊಲೀಸರು ಒಂದು ಹಳ್ಳಿಮನೆಗೆ ಹೋದದ್ದು ಮಾದಕವಸ್ತು ಹುಡುಕಲು. ಅಲ್ಲಿ ಅವರ ಕಣ್ಣಿಗೆ ಬಿದ್ದದ್ದು ನಾಯಿಗಳು. ಐವತ್ತಕ್ಕೂ ಹೆಚ್ಚು ಪಿಟ್‌ಬುಲ್‌ಗಳಿದ್ದವು. ಹಲವನ್ನು ನೆಲದಲ್ಲಿ ಹೂತ ಕಾರಿನ ಆಕ್ಸಲ್‌ಗಳಿಗೆ ಭಾರದ ಸರಪಳಿ ಬಿಗಿದು ಕಟ್ಟಿದ್ದರು. ಆಸ್ತಿ ಅಮೆರಿಕನ್ ಫುಟ್‌ಬಾಲ್‌ನ ದೊಡ್ಡ ತಾರೆ ಮೈಕೆಲ್ ವಿಕ್‌ನದು. ಅಲ್ಲಿ ವರ್ಷಗಳಿಂದ ನಾಯಿಕಾಳಗದ ಜೂಜು ನಡೆದಿತ್ತು. ಸೋತ ನಾಯಿಗಳನ್ನು, ಕಾದಾಡಲು ಒಲ್ಲದವನ್ನು ನೇಣು ಹಾಕಿ, ನೀರಲ್ಲಿ ಮುಳುಗಿಸಿ ಕೊಂದಿದ್ದರು. ವಿಕ್ ತಪ್ಪೊಪ್ಪಿಕೊಂಡ, ಆ ಡಿಸೆಂಬರಿನಲ್ಲಿ 23 ತಿಂಗಳ ಸೆರೆವಾಸದ ಶಿಕ್ಷೆಯಾಯಿತು. ಮನುಷ್ಯರ ಲೆಕ್ಕ ಅಲ್ಲಿಗೆ ಚುಕ್ತಾ. ನಾಯಿಗಳನ್ನು ಏನು ಮಾಡುವುದು?

ಅಲ್ಲಿಯತನಕದ ರೂಢಿ ಏನೆಂದರೆ, ಕಾಳಗದ ನಾಯಿ ಮೊಕದ್ದಮೆ ನಡೆಯುವಷ್ಟು ದಿನ ಸಾಕ್ಷ್ಯ, ಮುಗಿದ ಮೇಲೆ ಅದಕ್ಕೊಂದು ಸಾಯುವ ಇಂಜೆಕ್ಷನ್. ಪ್ರಾಣಿದಯೆಗೆ ಹೆಸರಾದ ಪೇಟಾ ಮತ್ತು ಹ್ಯೂಮೇನ್ ಸೊಸೈಟಿಗಳೂ ಅದೇ ಸಲಹೆ ಕೊಟ್ಟವು. ಆದರೆ ಈ ಸಲ ಎಎಸ್‌ಪಿಸಿಎ ಎಂಬ ಹಳೆಯ ಪ್ರಾಣಿರಕ್ಷಣಾ ಸಂಸ್ಥೆಯ ತಜ್ಞರು, ಸ್ಟೀಫನ್ ಜವಿಸ್ಟೌಸ್ಕಿ ಅವರ ಮುಂದಾಳತ್ವದಲ್ಲಿ, 49 ನಾಯಿಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಅಪರಿಚಿತರು ಹತ್ತಿರ ಬಂದರೆ ಇದು ಏನು ಮಾಡುತ್ತದೆ? ಮೈ ಮುಟ್ಟಿದರೆ? ತಿನ್ನುವ ತಟ್ಟೆಗೆ ಕೈ ಹಾಕಿದರೆ? ಮಗುವಿನೆತ್ತರದ ಬೊಂಬೆ ಕಂಡರೆ? ಇನ್ನೊಂದು ನಾಯಿ ಎದುರಾದರೆ? ರಕ್ತದ ರುಚಿ ಹತ್ತಿದ ಮೃಗಗಳನ್ನು ನಿರೀಕ್ಷಿಸಿದ್ದವರ ಮುಂದೆ, ಹೊಟ್ಟೆಯನ್ನು ನೆಲಕ್ಕೆ ಒತ್ತಿ ನಡುಗುತ್ತ ಮಲಗಿದ ನಾಯಿಗಳೇ ಎಷ್ಟೋ ಇದ್ದವು. ಕೆಲವಕ್ಕೆ ಬೇರೆ ನಾಯಿಗಳನ್ನು ಕಂಡರೆ ಆಗುತ್ತಿರಲಿಲ್ಲ, ಹಲವು ಅವುಗಳೊಡನೆ ಆಟಕ್ಕೇ ಇಳಿದವು. ಆಕ್ರಮಣದ ಕಾರಣಕ್ಕೆ ಸಾವನ್ನು ಸೂಚಿಸಿದ್ದು ಒಂದೇ ಒಂದಕ್ಕೆ. ಇನ್ನೊಂದಕ್ಕೆ ವಾಸಿಯಾಗದ ಕಾಯಿಲೆಯಿತ್ತು. ಮಿಕ್ಕ 47 ಬದುಕಿದವು. ಅವುಗಳಲ್ಲಿ 22 ಯೂಟಾದ ಬೆಸ್ಟ್ ಫ್ರೆಂಡ್ಸ್ ಆಶ್ರಯಧಾಮಕ್ಕೆ ಹೋದವು. ಉಳಿದವು ಬೇರೆ ಬೇರೆ ಸಂಸ್ಥೆಗಳಿಗೆ ಹಂಚಿಹೋದವು. ಪಾಲನೆಯ ಖರ್ಚು 9,28,073 ಡಾಲರನ್ನು ವಿಕ್‌ನಿಂದಲೇ ವಸೂಲು ಮಾಡಲಾಯಿತು.

ಈ ಕಥೆಯನ್ನು ಸಾಮಾನ್ಯವಾಗಿ ಪ್ರೀತಿಯ ಗೆಲುವು ಎಂಬಂತೆ ಹೇಳುತ್ತಾರೆ. ನನಗೆ ಅದರಲ್ಲಿ ಮುಖ್ಯವೆನಿಸುವುದು ಬೇರೆ. ಆ ತಂಡ ನಾಯಿಗಳನ್ನು ಒಳ್ಳೆಯವು, ಕೆಟ್ಟವು ಎಂದು ಎರಡು ಗುಂಪು ಮಾಡಲಿಲ್ಲ. ಮನೆಗೆ ಕಳಿಸಬಹುದಾದವು, ಕೆಲಕಾಲ ತರಬೇತಿ ಬೇಕಾದವು, ಜೀವನಪೂರ್ತಿ ಆಶ್ರಯಧಾಮದಲ್ಲೇ ಇರಬೇಕಾದವು ಎಂದು ಬದುಕುವ ಜಾಗದ ಮೇಲೆ ವಿಂಗಡಿಸಿತು. ಲಿಯೋ ಎಂಬ ನಾಯಿ ಮುಂದೆ ಕ್ಯಾನ್ಸರ್ ರೋಗಿಗಳ ಹಾಸಿಗೆಯ ಪಕ್ಕ ಕೂತು ಸಾಂತ್ವನ ಕೊಡುವ ಕೆಲಸಕ್ಕೆ ಹೋಯಿತು. ಕಾಳಗದಲ್ಲಿ ಚಾಂಪಿಯನ್ ಎನಿಸಿಕೊಂಡಿದ್ದ ಲ್ಯೂಕಸ್ ಜನರೊಡನೆ ಬಲು ಸ್ನೇಹದಿಂದಿದ್ದರೂ ನ್ಯಾಯಾಲಯದ ಆದೇಶದಂತೆ ಆಶ್ರಯಧಾಮದಲ್ಲೇ ಕೊನೆಯವರೆಗೆ ಉಳಿಯಿತು. ಎರಡೂ ಸರಿಯಾದ ನಿರ್ಧಾರಗಳೇ.

ನಮ್ಮ ಕಡೆಯ ಸಮಸ್ಯೆ ಇಷ್ಟು ನಾಟಕೀಯವಲ್ಲ. ಮಳೆಗಾಲದಲ್ಲಿ ಚರಂಡಿ ಪಕ್ಕ ಕುಂಯ್‌ಗುಡುತ್ತಿದ್ದ ಮರಿಯನ್ನು ಯಾರೋ ಎತ್ತಿಕೊಂಡು ಬರುತ್ತಾರೆ. ಹಾಲು, ಅನ್ನ, ಹಾಸಿಗೆಯ ಮೇಲೆ ಜಾಗ. ವರ್ಷ ತುಂಬುವ ಹೊತ್ತಿಗೆ ಅದು ಮನೆಯವರಿಗೆಲ್ಲ ಮುದ್ದು, ಪಕ್ಕದ ಮನೆಯ ಮಗುವಿಗೂ ಗೆಳೆಯ. ಆದರೆ ಬೆಲ್ಟು ಹಾಕಿ ಬೀದಿಗಿಳಿದು ಇನ್ನೊಂದು ನಾಯಿ ಕಂಡಿತೋ, ಹಿಂಗಾಲ ಮೇಲೆ ನಿಂತು ಗಂಟಲು ಹರಿಯುವಂತೆ ಅಬ್ಬರಿಸುತ್ತದೆ. ಒಂದು ದಿನ ಲಿಫ್ಟಿನ ಬಾಗಿಲಲ್ಲಿ ಎರಡನೇ ಮಹಡಿಯವರ ಲ್ಯಾಬ್ರಡಾರ್‌ನ ಕಿವಿ ಹರಿಯುತ್ತದೆ. ಆಮೇಲೆ ಸಲಹೆಗಳ ಸುರಿಮಳೆ: ನಾಲ್ಕು ಬಾರಿಸಿ, ಆಪರೇಷನ್ ಮಾಡಿಸಿ, ಜೊತೆಗೆ ಇನ್ನೊಂದು ನಾಯಿ ತನ್ನಿ, ತಂದಲ್ಲೇ ಬಿಟ್ಟು ಬನ್ನಿ. ಇವುಗಳಲ್ಲಿ ಯಾವುದನ್ನು ಕೇಳಬೇಕು ಎನ್ನುವ ಮೊದಲು ಆ ಅಬ್ಬರ ಏನೆಂಬುದನ್ನು ತಿಳಿಯಬೇಕು.

ಪ್ರಾಣಿಲೋಕದಲ್ಲಿ ನಿಜವಾದ ಕಾದಾಟ ಬಲು ದುಬಾರಿ. ಗೆದ್ದ ಪ್ರಾಣಿಗೂ ಗಾಯವಾಗುತ್ತದೆ, ಗಾಯಕ್ಕೆ ಕೀವು ತುಂಬುತ್ತದೆ, ಬೇಟೆಗೋ ಮೇವಿಗೋ ಹೋಗಲಾಗುವುದಿಲ್ಲ. ಹಾಗಾಗಿ ಕಚ್ಚುವುದಕ್ಕೆ ಮುಂಚೆ ಹತ್ತಾರು ಮೆಟ್ಟಿಲುಗಳ ಬೆದರಿಕೆಯ ಭಾಷೆಯೊಂದು ವಿಕಾಸಗೊಂಡಿದೆ. ನಾಯಿ ಮೊದಲು ಮುಖ ತಿರುಗಿಸುತ್ತದೆ, ತುಟಿ ನೆಕ್ಕಿಕೊಳ್ಳುತ್ತದೆ, ನಿದ್ದೆ ಬಾರದಿದ್ದರೂ ಆಕಳಿಸುತ್ತದೆ, ನೆಲ ಮೂಸುವ ನೆಪ ಮಾಡುತ್ತದೆ. ಇವಕ್ಕೆ ಬೆಲೆ ಸಿಗದಿದ್ದರೆ ಮೈ ಸೆಟೆಯುತ್ತದೆ, ಬೆನ್ನ ಕೂದಲು ನಿಮಿರುತ್ತದೆ, ಗುರುಗುಟ್ಟುತ್ತದೆ, ಹಲ್ಲು ತೋರಿಸುತ್ತದೆ, ಗಾಳಿಗೆ ಬಾಯಿ ಹಾಕುತ್ತದೆ. ಹಲ್ಲು ಚರ್ಮಕ್ಕೆ ತಾಗುವುದು ತುದಿಯ ಮೆಟ್ಟಿಲಿನಲ್ಲಿ. ಇಷ್ಟೆಲ್ಲದರ ಉದ್ದೇಶ ಸಾಮಾನ್ಯವಾಗಿ ಒಂದೇ, ನಮ್ಮಿಬ್ಬರ ನಡುವೆ ಜಾಗ ಇರಲಿ ಎಂದು ಕೇಳುವುದು. ಗುರುಗುಟ್ಟಿದ್ದಕ್ಕೆ ಹೊಡೆಸಿಕೊಂಡ ನಾಯಿ ಗುರುಗುಟ್ಟುವುದನ್ನು ಬಿಡುತ್ತದೆ. ಭಯ ಎಲ್ಲೂ ಹೋಗಿರುವುದಿಲ್ಲ. ಮುಂದಿನ ಸಲ ಅದು ಮೆಟ್ಟಿಲು ಹಾರಿ ನೇರ ಕಚ್ಚುತ್ತದೆ. ಮನೆಯವರು ‘ಏನೂ ಸೂಚನೆಯೇ ಇರಲಿಲ್ಲ’ ಎನ್ನುತ್ತಾರೆ.

ಬಾಲ ಅಲ್ಲಾಡಿಸುತ್ತಿದೆ, ಹಾಗಾಗಿ ಸ್ನೇಹದಿಂದಿದೆ ಎಂಬ ನಂಬಿಕೆಯೂ ಅಪಾಯದ್ದೇ. ಇಟಲಿಯ ಬಾರಿ ವಿಶ್ವವಿದ್ಯಾಲಯದ ಆಂಜೆಲೊ ಕ್ವಾರಂಟಾ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 30 ನಾಯಿಗಳ ಬಾಲವನ್ನು ವಿಡಿಯೊ ಮಾಡಿ ಅಳೆದರು. ಯಜಮಾನ ಕಂಡಾಗ ಬಾಲದ ಬೀಸು ನಾಯಿಯ ಬಲಕ್ಕೆ ಹೆಚ್ಚು ವಾಲುತ್ತಿತ್ತು, ಅಪರಿಚಿತ ಜಬರದಸ್ತಿನ ನಾಯಿ ಕಂಡಾಗ ಎಡಕ್ಕೆ. ಹಿಂದೆ ಸರಿಯುವ ಭಾವಗಳನ್ನು ಮಿದುಳಿನ ಬಲಭಾಗ ನೋಡಿಕೊಳ್ಳುತ್ತದೆ, ಅದರ ಹಿಡಿತ ಮೈಯ ಎಡಬದಿಯ ಮೇಲೆ ಎಂಬುದು ಅದಕ್ಕೆ ಕೊಟ್ಟ ವಿವರಣೆ. ರಸ್ತೆಯಲ್ಲಿ ನಿಂತು ಯಾರೂ ಇದನ್ನು ಅಳೆಯಲಾರರು. ಬಾಲದ ಚಲನೆ ಉದ್ವೇಗವನ್ನು ಹೇಳುತ್ತದೆ, ಅದು ಯಾವ ಬಗೆಯ ಉದ್ವೇಗ ಎಂದು ಉಳಿದ ಮೈ ನೋಡಿ ತಿಳಿಯಬೇಕು ಎಂಬಷ್ಟು ನೆನಪಿದ್ದರೆ ಸಾಕು.

ಇನ್ನು ಬೆಲ್ಟಿನ ವಿಷಯ. ಬಿಡುವಾಗಿ ಓಡಾಡುವ ಎರಡು ನಾಯಿಗಳು ಭೇಟಿಯಾಗುವುದನ್ನು ಗಮನಿಸಿ. ಅವು ಮುಖಾಮುಖಿ ನೇರ ಬರುವುದಿಲ್ಲ. ಬಳಸಿಕೊಂಡು, ಕಮಾನಿನಂತೆ ಬಂದು, ಪಕ್ಕದಿಂದ ಹಿಂಭಾಗ ಮೂಸುತ್ತವೆ; ಬೇಡವೆನಿಸಿದರೆ ದಾರಿ ಬದಲಿಸುತ್ತವೆ. ನಾವು ಬೆಲ್ಟು ಬಿಗಿಹಿಡಿದು, ಕಾಂಪೌಂಡಿಗೂ ನಿಲ್ಲಿಸಿದ ಕಾರುಗಳಿಗೂ ನಡುವಿನ ಇಕ್ಕಟ್ಟಿನಲ್ಲಿ ಅವನ್ನು ಎದುರುಬದುರು ನಡೆಸುತ್ತೇವೆ. ಬಿಗಿದ ಬೆಲ್ಟು ನಾಯಿಯ ಎದೆಯನ್ನು ಎತ್ತಿ ನಿಲ್ಲಿಸುತ್ತದೆ, ಅದೇ ಒಂದು ಸವಾಲಿನ ಭಂಗಿ. ತಪ್ಪಿಸಿಕೊಳ್ಳುವ ದಾರಿ ಮುಚ್ಚಿದೆ, ಉಳಿದದ್ದು ಎದುರಿನವನನ್ನು ಓಡಿಸುವ ದಾರಿ. ಇದು ಅಬ್ಬರಿಸುತ್ತದೆ, ಎದುರಿನ ನಾಯಿಯ ಯಜಮಾನ ತನ್ನದನ್ನು ಎಳೆದುಕೊಂಡು ಹೋಗುತ್ತಾನೆ. ನಮ್ಮ ನಾಯಿಯ ಲೆಕ್ಕದಲ್ಲಿ ಅಬ್ಬರ ಫಲಿಸಿತು. ದಿನಕ್ಕೆ ಎರಡು ಬಾರಿ ಹೀಗೆ ಫಲ ಕೊಡುವ ಕೆಲಸವನ್ನು ಯಾವ ಪ್ರಾಣಿ ಬಿಟ್ಟೀತು?

ಎಲ್ಲ ಅಬ್ಬರವೂ ಭಯದ್ದಲ್ಲ ಎಂಬುದನ್ನೂ ಸೇರಿಸಬೇಕು. ಬೇರೆ ನಾಯಿಗಳೆಂದರೆ ಪ್ರಾಣವಾದ, ಓಡಿಹೋಗಿ ಆಡಬೇಕೆಂಬ ನಾಯಿಯೂ ಬೆಲ್ಟು ತಡೆದಾಗ ಹತಾಶೆಯಿಂದ ಹಾಗೇ ಕಿರುಚುತ್ತದೆ. ಬಿಟ್ಟರೆ ಇದು ಆಡುತ್ತದೆ, ಭಯದ್ದು ದೂರ ಸರಿಯಬಹುದು, ಕಚ್ಚಲೂಬಹುದು. ಮನೆಯ ಗಂಡುನಾಯಿ ಇನ್ನೊಂದು ಗಂಡಿನ ಮೇಲೆ ಮಾತ್ರ ಏರಿಹೋಗುವುದು ಬೇರೆ, ಸಣ್ಣ ನಾಯಿಯನ್ನು ಮೊಲವೆಂಬಂತೆ ಸದ್ದಿಲ್ಲದೆ ಬೆನ್ನಟ್ಟುವುದು ಮತ್ತೂ ಬೇರೆ. ಕೊನೆಯದು ಎಲ್ಲಕ್ಕಿಂತ ಅಪಾಯಕಾರಿ, ಏಕೆಂದರೆ ಅಲ್ಲಿ ಬೆದರಿಕೆಯ ಭಾಷೆಯೇ ಇರುವುದಿಲ್ಲ.

ರಕ್ತದಲ್ಲೂ ಇದರ ಗುರುತು ಸಿಗುತ್ತದೆ. ಅರಿಜೋನಾ ವಿಶ್ವವಿದ್ಯಾಲಯದ ಇವಾನ್ ಮೆಕ್ಲೀನ್ ಮತ್ತು ಸಹೋದ್ಯೋಗಿಗಳು ಬೆಲ್ಟಿನಲ್ಲಿದ್ದಾಗ ಬೇರೆ ನಾಯಿಗಳ ಮೇಲೆ ಎರಗುವ ಸಾಕುನಾಯಿಗಳನ್ನು, ಅದೇ ವಯಸ್ಸು, ಲಿಂಗ, ತಳಿಯ ಶಾಂತ ನಾಯಿಗಳೊಡನೆ ಹೋಲಿಸಿ 2017ರಲ್ಲಿ ಫಲಿತಾಂಶ ಪ್ರಕಟಿಸಿದರು. ಎರಗುವ ನಾಯಿಗಳಲ್ಲಿ ವ್ಯಾಸೊಪ್ರೆಸಿನ್ ಎಂಬ ಹಾರ್ಮೋನಿನ ಒಟ್ಟು ಪ್ರಮಾಣ ಹೆಚ್ಚಿತ್ತು. ಅಂಗವಿಕಲರಿಗೆ ನೆರವಾಗಲು ತಲೆಮಾರುಗಳಿಂದ ಶಾಂತಸ್ವಭಾವಕ್ಕಾಗಿ ಆರಿಸಿ ಬೆಳೆಸಿದ ನಾಯಿಗಳಲ್ಲಿ ಆಕ್ಸಿಟೋಸಿನ್ ಹೆಚ್ಚಿತ್ತು. ಹಾರ್ಮೋನು ಮೊದಲೋ ನಡತೆ ಮೊದಲೋ ಎಂದು ಇಂಥ ಹೋಲಿಕೆಯಿಂದ ಹೇಳಲಾಗದು. ಆದರೂ ‘ಸೊಕ್ಕು’ ಎಂದು ಮನೆಯವರು ಕರೆಯುವುದರ ಹಿಂದೆ ಮೈಯೊಳಗಿನ ರಸಾಯನವೂ ಕೆಲಸ ಮಾಡುತ್ತಿರಬಹುದು ಎಂಬುದಕ್ಕೆ ಇದು ಸುಳಿವು.

ಬೀದಿಯಿಂದ ಬಂದ ಮರಿಗೆ ಈ ತೊಂದರೆ ಯಾಕೆ ಬರುತ್ತದೆ? ಅಮೆರಿಕದ ಬಾರ್ ಹಾರ್ಬರ್‌ನ ಜಾಕ್ಸನ್ ಪ್ರಯೋಗಾಲಯದಲ್ಲಿ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ವರ್ಷಗಟ್ಟಲೆ ನಾಯಿಮರಿಗಳನ್ನು ಸಾಕಿ, 1965ರಲ್ಲಿ ಒಂದು ದೊಡ್ಡ ಗ್ರಂಥ ತಂದರು. ಸುಮಾರು ಮೂರನೇ ವಾರದಿಂದ ಹನ್ನೆರಡನೇ ವಾರದವರೆಗೆ ಮರಿಯ ಮನಸ್ಸಿನ ಬಾಗಿಲು ತೆರೆದಿರುತ್ತದೆ, ಆ ಅವಧಿಯಲ್ಲಿ ಕಂಡದ್ದೆಲ್ಲ ತನ್ನ ಲೋಕದ್ದು, ಆಮೇಲೆ ಕಂಡದ್ದು ಸಂಶಯದ್ದು ಎಂಬುದು ಅವರ ಕೆಲಸದಿಂದ ಗಟ್ಟಿಯಾದ ಅರಿವು. ಒಡಹುಟ್ಟಿದವರೊಡನೆ ಕಚ್ಚಾಡಿ ಆಡುತ್ತಲೇ ಮರಿ ಹಲ್ಲನ್ನು ಎಷ್ಟು ಒತ್ತಬೇಕೆಂದು ಕಲಿಯುತ್ತದೆ. ಜೋರಾಗಿ ಕಚ್ಚಿದರೆ ಎದುರಿನ ಮರಿ ಕಿರುಚಿ ಆಟ ನಿಲ್ಲಿಸುತ್ತದೆ.

ನಮ್ಮ ಬೀದಿಗಳಲ್ಲಿ ಆ ಒಂಬತ್ತು ವಾರಗಳು ಹೇಗಿರುತ್ತವೆ ಎಂಬುದನ್ನು ಕೋಲ್ಕತ್ತದ ಐಸರ್ ವಿಜ್ಞಾನ ಸಂಸ್ಥೆಯಲ್ಲಿ ಅನಿಂದಿತಾ ಭದ್ರ ಅವರ ತಂಡ ಲೆಕ್ಕ ಹಾಕಿದೆ. ಪಶ್ಚಿಮ ಬಂಗಾಳದ ಏಳು ಜಾಗಗಳಲ್ಲಿ ಐದು ವರ್ಷ ಗಮನಿಸಿದ 95 ಸೂಲುಗಳ 364 ಮರಿಗಳಲ್ಲಿ ಸಂತಾನದ ವಯಸ್ಸು ಮುಟ್ಟಿದ್ದು ಸುಮಾರು ಶೇ 19 ಮಾತ್ರ. ಸತ್ತವುಗಳಲ್ಲಿ ಶೇ 63ರ ಸಾವಿಗೆ ಮನುಷ್ಯನೇ ಒಂದಲ್ಲ ಒಂದು ರೀತಿಯಲ್ಲಿ ಕಾರಣ. ಅಂದರೆ ಮನೆಗೆ ಬಂದ ಮರಿ ಬಹುಪಾಲು ತನ್ನ ಒಡಹುಟ್ಟಿದವುಗಳನ್ನು ಕಳೆದುಕೊಂಡು ಬಂದದ್ದು. ನಾಲ್ಕನೇ ವಾರದಲ್ಲೇ ಒಂಟಿಯಾಗಿ ಸಿಕ್ಕಿದ ಮರಿಯನ್ನು ನಾವು ಪಾರ್ವೋ ರೋಗಕ್ಕೆ ಹೆದರಿ ಲಸಿಕೆಗಳೆಲ್ಲ ಮುಗಿಯುವ ತನಕ ಫ್ಲ್ಯಾಟಿನೊಳಗೇ ಇಡುತ್ತೇವೆ. ಅದು ಹೊರಗೆ ಕಾಲಿಡುವಾಗ ನಾಲ್ಕು ತಿಂಗಳು, ಬಾಗಿಲು ಮುಚ್ಚಿಯಾಗಿದೆ. ಜೀವ ಉಳಿಸಿದ ಕ್ರಮವೇ ನಾಯಿಭಾಷೆಯ ಪಾಠವನ್ನು ತಪ್ಪಿಸಿತು. ಅಮೆರಿಕದ ಪಶುವರ್ತನೆಯ ವೈದ್ಯರ ಸಂಘ 2008ರಲ್ಲೇ, ಮೊದಲ ಲಸಿಕೆಯ ಬಳಿಕ ಎಲ್ಲ ಚುಚ್ಚುಮದ್ದು ಮುಗಿಯುವವರೆಗೆ ಕಾಯದೆ, ಆರೋಗ್ಯವಂತ ನಾಯಿಗಳೊಡನೆ ಎಚ್ಚರದಿಂದ ಬೆರೆಸಬೇಕೆಂದು ಹೇಳಿದೆ. ನಮ್ಮ ಕ್ಲಿನಿಕ್ಕುಗಳಲ್ಲಿ ಈ ಮಾತು ಇನ್ನಷ್ಟು ಕೇಳಿಬರಬೇಕು.

ವರ್ಷವಿಡೀ ಬೀದಿಯಲ್ಲೇ ಬೆಳೆದು ಆಮೇಲೆ ಮನೆ ಸೇರಿದ ನಾಯಿಯ ಕಥೆ ಬೇರೆ. ಅದಕ್ಕೆ ನಾಯಿಭಾಷೆ ಚೆನ್ನಾಗಿ ಗೊತ್ತು. ಆದರೆ ಅದು ಪರಿಚಿತ ಗುಂಪು ಮತ್ತು ಸ್ವಂತ ಗಡಿ ಇದ್ದಾಗ ಕಲಿತ ಭಾಷೆ. ಈಗ ಗುಂಪಿಲ್ಲ, ಗಡಿ ಯಾವುದೋ ಗೊತ್ತಿಲ್ಲ, ಪ್ರತಿ ಮೂಲೆಯಲ್ಲೂ ಇನ್ನೊಬ್ಬರ ಇಲಾಖೆ. ಹೊಸ ಮನೆಯಲ್ಲಿ ಮೊದಲ ಕೆಲವು ವಾರ ಅದು ಸುಮ್ಮನಿರುವುದು ಒಳ್ಳೆಯ ಗುಣದಿಂದ ಇರಬಹುದು, ಗಾಬರಿಯಿಂದ ಮರಗಟ್ಟಿಯೂ ಇರಬಹುದು. ಆಶ್ರಯಧಾಮದ ಅಂಗಳದಲ್ಲಿ ಒಂದು ಮಧ್ಯಾಹ್ನ ನಡೆಸಿದ ಪರೀಕ್ಷೆ ಇದನ್ನು ಹೇಳಲಾರದು. ಅಂಥ ಪರೀಕ್ಷೆಗಳ ಲೆಕ್ಕವನ್ನೆಲ್ಲ ತೂಗಿ ನೋಡಿದ ಗ್ಯಾರಿ ಪ್ಯಾಟ್ರೊನೆಕ್ ಮತ್ತು ಜಾನಿಸ್ ಬ್ರಾಡ್ಲಿ 2016ರಲ್ಲಿ, ಅವು ನಾಣ್ಯ ಚಿಮ್ಮಿ ನೋಡುವುದಕ್ಕಿಂತ ಮೇಲಲ್ಲ ಎಂಬ ತೀರ್ಮಾನಕ್ಕೆ ಬಂದರು.

ತಳಿ ನೋಡಿ ತೀರ್ಪು ಕೊಡುವವರಿಗೂ ವಿಜ್ಞಾನ ಒತ್ತಾಸೆ ಕೊಡುವುದಿಲ್ಲ. 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ, 18,385 ನಾಯಿಗಳ ಮಾಲೀಕರನ್ನು ಕೇಳಿ, ಎರಡು ಸಾವಿರಕ್ಕೂ ಹೆಚ್ಚು ನಾಯಿಗಳ ಡಿಎನ್‌ಎ ಓದಿದ ಅಧ್ಯಯನದ ಪ್ರಕಾರ ಒಂದೊಂದು ನಾಯಿಯ ನಡತೆಯಲ್ಲಿನ ವ್ಯತ್ಯಾಸದಲ್ಲಿ ತಳಿಯ ಪಾಲು ಕೇವಲ ಶೇ 9. ಕೇಂದ್ರ ಸರ್ಕಾರ 2024ರ ಮಾರ್ಚ್‌ನಲ್ಲಿ 23 ತಳಿಗಳನ್ನು ನಿಷೇಧಿಸಲು ಹೊರಡಿಸಿದ ಸುತ್ತೋಲೆಯನ್ನು ಮರು ತಿಂಗಳೇ ಕರ್ನಾಟಕ ಹೈಕೋರ್ಟ್ ರದ್ದು ಮಾಡಿತು.

‘ನಾಲ್ಕು ಬಾರಿಸಿ’ ಎಂಬ ಸಲಹೆಗೆ ಒಂದು ವೈಜ್ಞಾನಿಕ ವಂಶಾವಳಿಯಿದೆ, ಅದೂ ಸುಳ್ಳಿನದು. ಸ್ವಿಟ್ಜರ್‌ಲೆಂಡಿನ ಬಾಸೆಲ್ ಮೃಗಾಲಯದಲ್ಲಿ ಒಟ್ಟಿಗೆ ಕೂಡಿಹಾಕಿದ್ದ ತೋಳಗಳನ್ನು ನೋಡಿ ರುಡಾಲ್ಫ್ ಶೆಂಕೆಲ್ 1947ರಲ್ಲಿ ಬರೆದ ಪ್ರಬಂಧದಿಂದ ‘ಆಲ್ಫಾ’ ತೋಳದ ಕಲ್ಪನೆ ಹಬ್ಬಿತು. ನಾಯಿ ತೋಳದ ಸಂತತಿ, ಹಾಗಾಗಿ ಯಜಮಾನ ತಾನೇ ಆಲ್ಫಾ ಎಂದು ತೋರಿಸಬೇಕು, ಕತ್ತು ಹಿಡಿದು ನೆಲಕ್ಕೆ ಕೆಡವಬೇಕು ಎಂದು ತರಬೇತುದಾರರು ಮುಂದುವರಿಸಿದರು. ತೋಳಗಳ ವಿಜ್ಞಾನಿ ಡೇವಿಡ್ ಮೀಚ್ 1970ರ ತನ್ನ ಪುಸ್ತಕದಲ್ಲಿ ಈ ಕಲ್ಪನೆಯನ್ನು ಪ್ರಚಾರ ಮಾಡಿದವನೇ. ಆಮೇಲೆ ಕೆನಡಾದ ಎಲ್ಸ್‌ಮೀರ್ ದ್ವೀಪದಲ್ಲಿ ಕಾಡುತೋಳಗಳನ್ನು ಬೇಸಿಗೆಯಿಂದ ಬೇಸಿಗೆಗೆ ಹತ್ತಿರದಿಂದ ಕಂಡಾಗ ಅವನಿಗೆ ಕಾಣಿಸಿದ್ದು ಅಪ್ಪ, ಅಮ್ಮ, ಮಕ್ಕಳ ಸಂಸಾರ. 1999ರಲ್ಲಿ ತನ್ನ ಹಳೆಯ ಮಾತನ್ನು ತಾನೇ ತಿದ್ದಿ ಬರೆದ, ಮುಂದೆ ಆ ಹಳೆಯ ಪುಸ್ತಕವನ್ನು ಮತ್ತೆ ಅಚ್ಚು ಹಾಕಬೇಡಿರೆಂದು ಪ್ರಕಾಶಕರನ್ನೇ ಕೇಳಿಕೊಂಡ. ತಿದ್ದುಪಡಿ ನಮ್ಮ ಅಪಾರ್ಟ್‌ಮೆಂಟುಗಳಿಗೆ ಬರುವ ಟ್ರೇನರುಗಳವರೆಗೆ ಇನ್ನೂ ತಲುಪಿಲ್ಲ. ಪೆನ್ಸಿಲ್ವೇನಿಯಾದ ಪಶುವೈದ್ಯೆ ಮೇಗನ್ ಹೆರಾನ್ ಮತ್ತು ಜೊತೆಗಾರರು 140 ಮಾಲೀಕರನ್ನು ಕೇಳಿ 2009ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಹೊಡೆದು ಒದ್ದು ಮಾಡಿದವರ ನಾಯಿಗಳಲ್ಲಿ ಶೇ 43 ತಿರುಗಿಬಿದ್ದಿದ್ದವು. ಕೆಡವಿ ಒತ್ತಿಹಿಡಿದವರ ನಾಯಿಗಳಲ್ಲಿ ಶೇ 31. ಬೇರೆ ನಾಯಿ ಕಂಡಾಗಲೆಲ್ಲ ಕತ್ತಿಗೆ ನೋವಾದರೆ ನಾಯಿ ಕಲಿಯುವ ಪಾಠ, ಬೇರೆ ನಾಯಿ ಎಂದರೆ ನೋವು ಎಂದು.

ನೋವಿನ ಮಾತು ಬಂದದ್ದರಿಂದ ಹೇಳುತ್ತೇನೆ, ಯಾವ ನಿರ್ಧಾರಕ್ಕೂ ಮುಂಚೆ ಪಶುವೈದ್ಯರ ಹತ್ತಿರ ಹೋಗಬೇಕು. ಇಂಗ್ಲೆಂಡಿನ ಲಿಂಕನ್ ವಿಶ್ವವಿದ್ಯಾಲಯದ ಡೇನಿಯಲ್ ಮಿಲ್ಸ್ ಮತ್ತಿತರರು 2020ರಲ್ಲಿ, ವರ್ತನೆಯ ತೊಂದರೆಯೆಂದು ತಜ್ಞರ ಬಳಿ ಬಂದ ಪ್ರಾಣಿಗಳಲ್ಲಿ ಕಡಿಮೆ ಎಂದರೂ ಮೂರನೇ ಒಂದು ಭಾಗಕ್ಕೆ ಏನಾದರೊಂದು ನೋವು ಇರುತ್ತದೆಂದು ಅಂದಾಜಿಸಿದರು. ಕೆಲವು ಕಡೆ ಅದು ಶೇ 80ರ ಹತ್ತಿರ. ಕಿವಿಯೊಳಗಿನ ಸೋಂಕು, ಸೊಂಟದ ಕೀಲು, ಹಲ್ಲು, ಹಿಂದೊಮ್ಮೆ ಬೈಕು ಬಡಿದು ಸರಿಯಾಗಿ ಕೂಡದ ಮೂಳೆ. ಬೀದಿಯಿಂದ ಬಂದ ನಾಯಿಗೆ ಇವು ಇಲ್ಲದಿದ್ದರೇ ಆಶ್ಚರ್ಯ. ಸಂತಾನಹರಣ ಶಸ್ತ್ರಚಿಕಿತ್ಸೆಯ ಬಗ್ಗೆ ಜನರಲ್ಲಿರುವ ಭರವಸೆ ಮಾತ್ರ ಅತಿಯಾದದ್ದು. ಗಂಡುಗಂಡಿನ ಪೈಪೋಟಿ ಅದರಿಂದ ತಗ್ಗಬಹುದು. ಭಯದ ಮೇಲೆ ಅದರ ಪರಿಣಾಮ ನೆಚ್ಚುವಂಥದ್ದಲ್ಲ. ಮಾಡಿಸಬೇಕಾದದ್ದು ಮರಿಗಳಾಗದಿರಲೆಂದು.

ಈಗ ಅಳತೆಗೆ ಬರೋಣ. ‘ನಮ್ಮ ನಾಯಿ ಎಷ್ಟು ಜಗಳಗಂಟ’ ಎಂಬುದಕ್ಕೆ ಅಬ್ಬರದ ಸದ್ದು ಅಳತೆಯಲ್ಲ. ಪಶುವೈದ್ಯ ಇಯಾನ್ ಡನ್‌ಬಾರ್ ಕಚ್ಚುವಿಕೆಗೆ ಆರು ಹಂತಗಳ ಮಾಪಕವೊಂದನ್ನು ಮಾಡಿದ್ದಾರೆ. ಒಂದನೆಯದರಲ್ಲಿ ಹಲ್ಲು ತಾಗುವುದೇ ಇಲ್ಲ, ಎರಡರಲ್ಲಿ ತಾಗಿದರೂ ಚರ್ಮ ತೂತಾಗದು, ಮೂರರಲ್ಲಿ ಕೋರೆಹಲ್ಲಿನ ಅರ್ಧಕ್ಕಿಂತ ಕಡಿಮೆ ಆಳದ ಗಾಯ, ನಾಲ್ಕರಲ್ಲಿ ಅರ್ಧಕ್ಕಿಂತ ಆಳ, ಕಚ್ಚಿ ಹಿಡಿದು ಜಾಡಿಸಿದ ಗುರುತು, ಐದು ಅಂಥದ್ದೇ ಹಲವು, ಆರು ಸಾವು. ಅವರು ಕೇಳುವ ಇನ್ನೊಂದು ಪ್ರಶ್ನೆ ನನಗೆ ಇದಕ್ಕಿಂತ ಉಪಯುಕ್ತ ಎನಿಸುತ್ತದೆ: ಒಟ್ಟು ಎಷ್ಟು ಜಗಳ, ಅವುಗಳಲ್ಲಿ ಆಸ್ಪತ್ರೆಗೆ ಹೋಗಬೇಕಾದವು ಎಷ್ಟು? ಹತ್ತು ಸಲ ಉರುಳಾಡಿ ಜಗಳವಾಡಿ ಒಂದೂ ಹೊಲಿಗೆ ಬೀಳದ ನಾಯಿಗೆ ಜಗಳದಲ್ಲೂ ಹಲ್ಲಿನ ಮೇಲೆ ಹಿಡಿತವಿದೆ. ಅದರೊಡನೆ ಕೆಲಸ ಮಾಡಬಹುದು. ಎರಡೇ ಜಗಳ, ಎರಡರಲ್ಲೂ ಎದುರಿನ ನಾಯಿಯ ಹೊಟ್ಟೆಯೋ ಕಾಲೋ ಸೀಳಿತೆಂದರೆ ಅದು ಎಷ್ಟೇ ಮುದ್ದಿನದಾದರೂ ಲೆಕ್ಕ ಬೇರೆ.

ಕೆಲಸ ಮಾಡುವ ಬಗೆ ಹೊಸದಲ್ಲ, ನೂರು ವರ್ಷದ್ದು. 1924ರಲ್ಲಿ ಮೇರಿ ಕವರ್ ಜೋನ್ಸ್ ಎಂಬ ಮನೋವಿಜ್ಞಾನಿ ಮೂರು ವರ್ಷ ತುಂಬದ ಪೀಟರ್ ಎಂಬ ಹುಡುಗನ ಮೊಲದ ಭಯ ಬಿಡಿಸಿದ್ದನ್ನು ಬರೆದಳು. ಹುಡುಗ ಇಷ್ಟದ ತಿಂಡಿ ತಿನ್ನುವಾಗ ಪಂಜರದ ಮೊಲವನ್ನು ಕೋಣೆಯ ದೂರದ ತುದಿಯಲ್ಲಿ ಇಡುವುದು, ಅವನು ಆರಾಮಾಗಿರುವಷ್ಟು ಮಾತ್ರ ದಿನದಿನಕ್ಕೆ ಹತ್ತಿರ ತರುವುದು. ಕೊನೆಗೆ ಅವನು ಮೊಲವನ್ನು ಕೈಯಾರೆ ಸವರಿದ. ನಾಯಿಗೂ ಇದೇ. ಎದುರಿನ ನಾಯಿ ಕಂಡೂ ನಮ್ಮದು ತಿಂಡಿ ತಿನ್ನಬಲ್ಲ ದೂರ ಯಾವುದು ಎಂದು ಮೊದಲು ಹುಡುಕಬೇಕು. ಮೂವತ್ತು ಮೀಟರ್ ಇರಬಹುದು, ಎಂಬತ್ತೂ ಇರಬಹುದು. ಆ ದೂರದಲ್ಲಿ ನಾಯಿ ಕಂಡ ಕೂಡಲೇ ಬೇಯಿಸಿದ ಕೋಳಿಯ ತುಣುಕು, ನಾಯಿ ಮರೆಯಾದ ಕೂಡಲೇ ಕೋಳಿ ಬಂದ್. ಈ ಕ್ರಮ ಮುಖ್ಯ. ಮೊದಲು ತಿಂಡಿ ತೋರಿಸಿ ಆಮೇಲೆ ನಾಯಿ ತಂದರೆ ತಿಂಡಿಯ ಮೇಲೇ ಅನುಮಾನ ಹುಟ್ಟುತ್ತದೆ. ನಾಯಿ ಕಂಡು ತಾನಾಗಿ ನಮ್ಮತ್ತ ತಿರುಗಿ ‘ಎಲ್ಲಿ ಕೋಳಿ’ ಎಂದು ನೋಡುವ ದಿನದಿಂದ ಒಂದೆರಡು ಹೆಜ್ಜೆ ಹತ್ತಿರ.

ಬರೆಯಲು ಸುಲಭ. ಬೆಂಗಳೂರಿನ ಯಾವ ಬಡಾವಣೆಯಲ್ಲಿ ಎಂಬತ್ತು ಮೀಟರ್ ಖಾಲಿ ಜಾಗವಿದೆ? ಈ ವಿದ್ಯೆಯ ಪುಸ್ತಕಗಳೆಲ್ಲ ಬೀದಿನಾಯಿಗಳಿಲ್ಲದ ದೇಶಗಳಲ್ಲಿ ಬರೆದವು. ಅಲ್ಲಿ ಎದುರಿನ ನಾಯಿಯೂ ಬೆಲ್ಟಿನಲ್ಲಿರುತ್ತದೆ, ನಮ್ಮಲ್ಲಿ ತಿರುವಿನಲ್ಲಿ ನಾಲ್ಕು ಒಟ್ಟಿಗೆ ಎದ್ದು ಬರುತ್ತವೆ. ಒಂದರ ಮೇಲೊಂದು ಬಿದ್ದ ಉದ್ವೇಗ ಒಲೆಯ ಮೇಲಿನ ಹಾಲಿನಂತೆ, ಕೊನೆಯ ಗುಳ್ಳೆ ಸಣ್ಣದಾದರೂ ಉಕ್ಕುತ್ತದೆ. ಬೆಳಿಗ್ಗೆ ಪಟಾಕಿ ಕೇಳಿದ ನಾಯಿಗೆ ಸಂಜೆ ದೂರದ ಬೊಗಳು ಸಾಕು. ಹಾಗಾಗಿ ನಮ್ಮ ಕಡೆ ನಿಜವಾದ ಚಿಕಿತ್ಸೆ ಅರ್ಧಪಾಲು ಜಾಗ, ಸಮಯದ ಹೊಂದಾಣಿಕೆಯೇ. ಬೀದಿನಾಯಿಗಳು ಎದ್ದು ಗಸ್ತು ತಿರುಗುವ ಮುಂಜಾವು, ಮುಸ್ಸಂಜೆ ಬಿಟ್ಟು, ಅವು ತೂಕಡಿಸುವ ಹೊತ್ತಿನಲ್ಲಿ, ನೆಲ ಕಾದಿಲ್ಲದಾಗ ಹೊರಗೊಯ್ಯುವುದು. ಕಾರಿದ್ದವರು ಊರಾಚೆ ಬಯಲಿಗೆ ಹೋಗುವುದು. ಲಿಫ್ಟು ಬಿಟ್ಟು ಮೆಟ್ಟಿಲು ಹಿಡಿಯುವುದು. ಕೆಲವು ದಿನ ಬೀದಿಗಿಳಿಸದೆ ತಾರಸಿಯಲ್ಲೇ, ತಿಂಡಿ ಬಚ್ಚಿಟ್ಟು ಮೂಸಿ ಹುಡುಕಿಸುವ ಆಟವಾಡಿಸಿದರೂ ನಾಯಿಗೇನೂ ನಷ್ಟವಿಲ್ಲ. ಬಾಯಿಕುಕ್ಕೆ ಹಾಕುವುದು ಅವಮಾನವೆಂದು ಬಗೆಯುವವರು ಬಹಳ. ಬಾಯಿ ತೆರೆದು ಏದುಸಿರು ಬಿಡಲು, ನೀರು ಕುಡಿಯಲು ಜಾಗವಿರುವ ಬುಟ್ಟಿಯಾಕಾರದ ಕುಕ್ಕೆಯನ್ನು ತಿಂಡಿಯೊಡನೆ ನಿಧಾನವಾಗಿ ರೂಢಿ ಮಾಡಿಸಿದರೆ ನಾಯಿ ಅದಕ್ಕೆ ತಾನೇ ಮೂತಿ ಒಡ್ಡುತ್ತದೆ. ಬಟ್ಟೆಪಟ್ಟಿಯಿಂದ ಬಾಯಿ ಬಿಗಿಯುವಂಥದ್ದು ಮಾತ್ರ ನಮ್ಮ ಬಿಸಿಲಿಗೆ ಪ್ರಾಣಾಪಾಯ. ತೀವ್ರ ಭಯವಿದ್ದರೆ ಪಶುವೈದ್ಯರು ಫ್ಲುಓಕ್ಸೆಟಿನ್‌ನಂಥ ಔಷಧ ಬರೆಯಬಹುದು. ಪರಿಣಾಮ ಕಾಣಲು ವಾರಗಳು ಬೇಕು, ಅದೂ ತರಬೇತಿಯ ಜೊತೆಗೆ.

ಜಗಳ ಹತ್ತಿಯೇ ಬಿಟ್ಟರೆ ನಡುವೆ ಕೈ ಹಾಕಬೇಡಿ. ನೀರು ಎರಚಿ, ನಡುವೆ ಹಲಗೆಯೋ ಕುರ್ಚಿಯೋ ತುರುಕಿ, ದಪ್ಪ ಕಂಬಳಿ ಎಸೆಯಿರಿ. ಆ ಉದ್ವೇಗದಲ್ಲಿ ಸ್ವಂತ ನಾಯಿಯೂ ಯಜಮಾನನ ಕೈಯೆಂದು ನೋಡದೆ ಕಚ್ಚುತ್ತದೆ. ಕಚ್ಚಿದ್ದು ಯಾವ ನಾಯಿಯಾದರೂ ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆದು ರೇಬಿಸ್ ಲಸಿಕೆಗೆ ಹೋಗಬೇಕು. ಲಕ್ಷಣ ಕಾಣಿಸಿದ ಮೇಲೆ ಆ ರೋಗಕ್ಕೆ ಮದ್ದಿಲ್ಲ.

ಇಷ್ಟು ತಿಳಿದ ಮೇಲೆ ನಿರ್ಧಾರ. ಇಲ್ಲಿ ನಾಯಿಯನ್ನಷ್ಟೇ ಅಳೆದರೆ ಸಾಲದು, ಮನೆಯನ್ನೂ ಅಳೆಯಬೇಕು. ಮನೆಯಲ್ಲಿ ಬೇರೆ ನಾಯಿ ಇಲ್ಲ, ದೊಡ್ಡವರಿಬ್ಬರಿಗೆ ಬೆಲ್ಟು ಹಿಡಿಯುವ ಶಕ್ತಿ ಇದೆ, ಕಚ್ಚಿದ್ದು ಮೂರನೇ ಹಂತ ದಾಟಿಲ್ಲ ಎಂದರೆ ಬಹುಪಾಲು ಮಾಡಬೇಕಾದದ್ದು ಇಷ್ಟೇ: ಈ ನಾಯಿಗೆ ನಾಯಿಗೆಳೆಯರು ಬೇಕಿಲ್ಲ ಎಂದು ಒಪ್ಪಿಕೊಳ್ಳುವುದು. ಎಲ್ಲ ನಾಯಿಗಳೂ ಪಾರ್ಕಿನಲ್ಲಿ ಕೂಡಿ ಆಡಬೇಕೆಂಬುದು ನಮ್ಮ ಆಸೆ, ಬೆಳೆದ ನಾಯಿಗಳಲ್ಲಿ ಬಹಳಷ್ಟಕ್ಕೆ ಅದು ಬೇಡ. ಜೊತೆಗೊಂದು ನಾಯಿ ತಂದರೆ ಸರಿಹೋಗುತ್ತದೆ ಎಂಬುದು ಎಲ್ಲಕ್ಕಿಂತ ಕೆಟ್ಟ ಸಲಹೆ. ಬೀದಿಯ ಜಗಳವನ್ನು ಹಜಾರಕ್ಕೆ ತಂದಂತೆ.

ಮನೆಯೊಳಗೇ ಎರಡು ನಾಯಿಗಳು ಕಚ್ಚಾಡುತ್ತಿದ್ದರೆ, ಅದರಲ್ಲೂ ಎರಡೂ ಹೆಣ್ಣಾದರೆ, ಕಷ್ಟ ಹೆಚ್ಚು. ಬಾಗಿಲು, ಗೇಟುಗಳ ಹಿಂದೆ ಪಾಳಿಯಲ್ಲಿ ಇಡುತ್ತ ವರ್ಷಗಟ್ಟಲೆ ನಡೆಸುವವರಿದ್ದಾರೆ. ಒಂದು ದಿನ ಮಗು ಚಿಲಕ ಮರೆತರೆ ಮುಗಿಯಿತು. ಅಂಥ ಮನೆಯಿಂದ ಒಂದು ನಾಯಿಯನ್ನು ಒಂಟಿಯಾಗಿರಬಲ್ಲ ಇನ್ನೊಂದು ಮನೆಗೆ ಕೊಡುವುದು ಸೋಲಲ್ಲ. ಕೊಡುವಾಗ ಎಷ್ಟು ಸಲ, ಎಲ್ಲಿ, ಎಷ್ಟು ಆಳ ಕಚ್ಚಿತೆಂದು 1ರಿಂದ 6ರ ಲೆಕ್ಕದಲ್ಲೇ ಬರೆದು ಕೊಡಬೇಕು. ಮುಚ್ಚಿಟ್ಟರೆ ಆ ನಾಯಿ ಮೂರನೇ ಮನೆ ಕಾಣುವುದಿಲ್ಲ. ‘ತಂದಲ್ಲೇ ಬಿಟ್ಟು ಬನ್ನಿ’ ಎಂಬುದನ್ನು ಆಯ್ಕೆಗಳ ಪಟ್ಟಿಯಿಂದಲೇ ತೆಗೆದುಹಾಕಿ. ಮನೆಯ ಅನ್ನಕ್ಕೆ ಒಗ್ಗಿದ, ಗುಂಪಿಲ್ಲದ ನಾಯಿಯನ್ನು ಬೀದಿಯ ನಾಯಿಗಳು ಬಾಳಗೊಡುವುದಿಲ್ಲ. ಹಸಿವೆ ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಅಪರಾಧವೂ ಹೌದು. ಮೊದಲ ತಪ್ಪಿಗೆ ಆ ಕಾಯ್ದೆಯಲ್ಲಿ ಬರೆದ ದಂಡ ಹತ್ತರಿಂದ ಐವತ್ತು ರೂಪಾಯಿ ಎಂಬುದು ನಾಚಿಕೆಗೇಡು.

ದಯಾಮರಣದ ಮಾತನ್ನು ಜಾರಿಸಿ ಹೋಗುವುದು ಪ್ರಾಮಾಣಿಕತೆಯಲ್ಲ. ನೋವಿನ ಪರೀಕ್ಷೆ, ತಿಂಗಳುಗಟ್ಟಲೆ ಸರಿಯಾದ ತರಬೇತಿ, ಔಷಧ ಎಲ್ಲ ಆದ ಮೇಲೂ ನಾಲ್ಕು, ಐದನೇ ಹಂತದ ಕಚ್ಚುವಿಕೆ ನಿಲ್ಲದ, ತಡೆಯಲು ಹೋದ ಮನುಷ್ಯರನ್ನೂ ಬಿಡದ, ಒಂಟಿಯಾಗಿಡುವ ಜಾಗವೂ ಸಿಗದ ನಾಯಿಗಳು ವಿರಳವಾಗಿ ಇರುತ್ತವೆ. ಬದುಕಿನುದ್ದಕ್ಕೂ ಕಬ್ಬಿಣದ ಕಂಬಿಯ ಹಿಂದೆ ತನ್ನಷ್ಟಕ್ಕೇ ಸುತ್ತುತ್ತ ಕಳೆಯುವುದು ದಯಾಮರಣಕ್ಕಿಂತ ದಯೆಯದೆಂದು ನಾನು ಒಪ್ಪುವುದಿಲ್ಲ. ಆದರೆ ಇದನ್ನು ಜಗಳವಾದ ವಾರದಲ್ಲಿ, ಪಕ್ಕದ ಮನೆಯವರ ಸಿಟ್ಟಿನ ಒತ್ತಡದಲ್ಲಿ ತೀರ್ಮಾನಿಸಬಾರದು. ಪಶುವೈದ್ಯರೊಡನೆ ಕೂತು, ನಾಯಿಯ ಚರಿತ್ರೆಯನ್ನೆಲ್ಲ ಮುಂದಿಟ್ಟುಕೊಂಡು ಮಾಡಬೇಕಾದದ್ದು. ಕಾಳಗಕ್ಕೆಂದೇ ಬೆಳೆಸಿದ 49 ನಾಯಿಗಳಲ್ಲಿ ಆಕ್ರಮಣದ ಕಾರಣಕ್ಕೆ ಆ ಗತಿ ಬಂದದ್ದು ಒಂದಕ್ಕೆ ಎಂಬುದು ಅಲ್ಲಿ ನೆನಪಿರಲಿ.

ನಿಮ್ಮ ಮನೆಯಲ್ಲೂ ಇಂಥ ನಾಯಿಯೊಂದು ಇದ್ದರೆ ಒಂದು ನೋಟ್‌ಬುಕ್ ಇಡಿ. ಯಾವ ದಿನ, ಯಾವ ನಾಯಿ, ಎಷ್ಟು ದೂರ, ಮುಂಚೆ ಏನಾಗಿತ್ತು, ಹಲ್ಲು ತಾಗಿತೋ ಇಲ್ಲವೋ, ಅಷ್ಟು ಸಾಕು. ಒಂದೆರಡು ತಿಂಗಳು ಬರೆದು ಅದನ್ನು ವೈದ್ಯರ ಮೇಜಿನ ಮೇಲಿಡಿ. ಏನು ಮಾಡಬೇಕೆಂಬ ಮಾತುಕತೆಯನ್ನು ಅಲ್ಲಿಂದ ಶುರುಮಾಡಬಹುದು.